ಕೊನೆಯ ಸಲ ಹತ್ತಿದ್ದು ಯಾವಾಗ?

ಮಾನ್ಯ ಅಧ್ಯಕ್ಷರಾದ ನಮ್ಮ ನಿರ್ದೇಶಕರೇ, ನನ್ನನ್ನು ಕಳಿಸಿಕೊಡುವುದಕ್ಕೆಂದು ಅಷ್ಟು ದೂರದಿಂದ ಬಂದಿರುವ ಮುಖ್ಯ ಅತಿಥಿಗಳೇ, ವೇದಿಕೆಯ ಮೇಲಿರುವ ಗಣ್ಯರೇ, ಸಹೋದ್ಯೋಗಿಗಳೇ, ಬಿಸಿಲಲ್ಲಿ ಮನೆ ಮನೆ ತಿರುಗುವ ಸಮೀಕ್ಷಕರೇ, ಮತ್ತು ಭಾಷಣ ಉದ್ದವಾದರೆ ಮೆಲ್ಲಗೆ ಎದ್ದು ಹೋಗಲು ಅನುಕೂಲವಾಗಲೆಂದು ಬಾಗಿಲ ಪಕ್ಕದ ಕುರ್ಚಿಗಳನ್ನೇ ಹಿಡಿದಿರುವ ಸಭಿಕರೇ,

ನನ್ನ ಬಗ್ಗೆ ಈವರೆಗೆ ನಾಲ್ಕು ಜನ ಮಾತಾಡಿದರು. ನಾನು ತಾಳ್ಮೆಯ ಮೂರ್ತಿ ಅಂದರು. ಆ ಮಾತಿಗೆ ಅಂಕಿಅಂಶ ವಿಭಾಗದವರು ಕೆಮ್ಮಿದ್ದು ನನಗೆ ಕೇಳಿಸಿತು. ಮೂವತ್ತನಾಲ್ಕು ವರ್ಷದಲ್ಲಿ ಒಂದು ದಿನವೂ ಯಾರ ಮೇಲೂ ರೇಗಲಿಲ್ಲ ಎಂದೂ ಅಂದರು. ರೇಗಿದ್ದೇನೆ. ಯಾರ್ಯಾರ ಮೇಲೆ ಎಂದು ಹೆಸರು ಹಿಡಿದು ಹೇಳುತ್ತ ಹೋದರೆ ನಿಮ್ಮ ತಿಂಡಿ ತಣ್ಣಗಾಗುತ್ತದೆ, ಅದಕ್ಕೇ ಬಿಡುತ್ತೇನೆ.

ನಿರ್ದೇಶಕರು ನನಗೆ ಹತ್ತು ನಿಮಿಷ ಕೊಟ್ಟಿದ್ದಾರೆ. ಅಷ್ಟರಲ್ಲಿ ಎಲ್ಲರಿಗೂ ಕೃತಜ್ಞತೆ ಹೇಳಿ, ಹಾರ ಹಿಡಿದುಕೊಂಡು ಫೋಟೋ ತೆಗೆಸಿಕೊಂಡು ಮನೆಗೆ ಹೋಗಬಹುದು. ಆದರೆ ಈ ಸಭಾಂಗಣದಲ್ಲಿರುವ ಅರ್ಧಕ್ಕರ್ಧ ಜನರ ನಾಲಗೆಯ ತುದಿಯಲ್ಲಿ ಒಂದು ಪ್ರಶ್ನೆ ಇದೆ, ಮುಖ ನೋಡಿ ಕೇಳಲು ಸಂಕೋಚ. ವಿಷಯ ಇಷ್ಟೇ. ಮುಂದಿನ ಆರೋಗ್ಯ ಸಮೀಕ್ಷೆಯ ಹೊಸ ನಮೂನೆ ಸೋಮವಾರ ಬೆಳಿಗ್ಗೆ ಮುದ್ರಣಕ್ಕೆ ಹೋಗುತ್ತದೆ. ಹದಿನೈದು ವರ್ಷದಿಂದ ನಮ್ಮ ನಮೂನೆಯಲ್ಲಿದ್ದ 'ಎರಡನೇ ಪ್ರಶ್ನೆ' ಅದರಲ್ಲಿಲ್ಲ. ಆ ಪ್ರಶ್ನೆಯನ್ನು ಬರೆದವಳು ನಾನು. ಅದನ್ನು ಕಿತ್ತುಹಾಕಿದ ನಮೂನೆಗೆ ನನ್ನ ಒಪ್ಪಿಗೆ ಇದೆಯೆಂದು ಹದಿನಾಲ್ಕು ಪುಟಕ್ಕೂ ಸಹಿ ಹಾಕಿದವಳೂ ನಾನೇ. ಯಾಕೆ ಹಾಕಿದೆ? ಅದನ್ನು ಹೇಳದೆ ನಾನು ಈ ವೇದಿಕೆಯಿಂದ ಇಳಿಯುವುದಿಲ್ಲ. ಹತ್ತು ನಿಮಿಷ ಹದಿನೈದಾದರೆ ನಿರ್ದೇಶಕರು ಕ್ಷಮಿಸಬೇಕು.

ಮುಖ್ಯ ಅತಿಥಿಗಳಿಗೆ ನಮ್ಮ ಕೆಲಸ ಹೊಸದು, ಹಾಗಾಗಿ ಸ್ವಲ್ಪ ಹಿಂದಿನಿಂದ ಹೇಳುತ್ತೇನೆ. ನಾನು ಈ ಕಚೇರಿಗೆ ಸಮೀಕ್ಷಕಿಯಾಗಿ ಬಂದಾಗ ನನಗೆ ಇಪ್ಪತ್ತಾರು ವರ್ಷ. ಹೆಗಲಿಗೆ ಒಂದು ಚೀಲ, ಕೈಯಲ್ಲಿ ಕ್ಲಿಪ್ಪು ಹಾಕಿದ ರಟ್ಟು, ಕಾಲಲ್ಲಿ ತಿಂಗಳಿಗೊಮ್ಮೆ ಹೊಲಿಸಬೇಕಾದ ಚಪ್ಪಲಿ. ಮನೆ ಬಾಗಿಲು ತಟ್ಟುವುದು, ಪ್ರಶ್ನೆ ಕೇಳುವುದು, ಬಂದ ಉತ್ತರಕ್ಕೆ ಟಿಕ್ ಹಾಕುವುದು. ಪ್ರಶ್ನೆಗಳನ್ನು ಬರೆಯುತ್ತಿದ್ದವರು ದೊಡ್ಡವರು, ಮೇಲಿನ ಮಹಡಿಯವರು. ಅವರು ಬರೆದ ಮೊದಲ ಪ್ರಶ್ನೆ ಇಂದಿಗೂ ನನಗೆ ಬಾಯಿಪಾಠ: "ಕಳೆದ ಹದಿನೈದು ದಿನಗಳ ಅವಧಿಯಲ್ಲಿ ತಾವಾಗಲಿ ತಮ್ಮ ಕುಟುಂಬದ ಇತರ ಯಾವುದೇ ಸದಸ್ಯರಾಗಲಿ ದೈನಂದಿನ ಚಟುವಟಿಕೆಗಳಿಗೆ ಅಡಚಣೆಯುಂಟುಮಾಡುವಂತಹ ಅನಾರೋಗ್ಯಕ್ಕೆ ತುತ್ತಾಗಿದ್ದು ಅದಕ್ಕೆ ಚಿಕಿತ್ಸೆ ಪಡೆಯದೆ ಇದ್ದ ಸಂದರ್ಭ ಉದ್ಭವಿಸಿದೆಯೇ?" ಒಬ್ಬ ದರ್ಜಿಯ ಅಂಗಡಿಯಲ್ಲಿ ನಿಂತು ನಾನಿದನ್ನು ಒಂದೇ ಉಸಿರಿಗೆ ಓದಿದೆ. ಅವನು ಮಿಷನ್ ನಿಲ್ಲಿಸಿ, ಬಾಯಲ್ಲಿದ್ದ ದಾರ ತೆಗೆದು, "ನೀರು ಕುಡೀತೀಯೇನಮ್ಮ?" ಅಂದ. ನಾನು ನೀರು ಕುಡಿದು 'ಇಲ್ಲ' ಎಂದು ಟಿಕ್ ಹಾಕಿಕೊಂಡು ಬಂದೆ.

ಅಂಥ ಎಷ್ಟು 'ಇಲ್ಲ'ಗಳನ್ನು ಹಾಕಿರಬಹುದು ನಾನು? ಕಿವಿ ಕೇಳಿಸದವರ ಉತ್ತರವನ್ನು ಅವರ ಮಗ ಹೇಳುತ್ತಿದ್ದ. ಹೆಂಡತಿಯ ಉತ್ತರವನ್ನು ಗಂಡ ಹೇಳುತ್ತಿದ್ದ. ಗಾಲಿಕುರ್ಚಿಯಲ್ಲಿ ಕೂತವರು ಎದುರಿಗೇ ಇದ್ದರೂ ನಾನು ಅವರ ತಲೆಯ ಮೇಲಿಂದ, ಹಿಂದೆ ನಿಂತವರನ್ನು ನೋಡಿ ಕೇಳುತ್ತಿದ್ದೆ. ಹೇಳಲು ನಾಚಿಕೆಯಾಗುತ್ತದೆ, ಆದರೆ ಕೇಳುತ್ತಿದ್ದೆ. ದಿನಕ್ಕೆ ಹೆಚ್ಚು ಮನೆ ಮುಗಿಸಿದವಳು ಎಂದು ಒಂದು ವರ್ಷ ನನಗೆ ಗೋಡೆ ಗಡಿಯಾರ ಬಹುಮಾನವಾಗಿ ಬಂತು. ಅದು ಮನೆಯಲ್ಲಿ ಈಗಲೂ ಐದು ನಿಮಿಷ ಮುಂದೆ ಓಡುತ್ತದೆ.

ಪ್ರಶ್ನೆಗಳ ಮೇಲೆ ತಕರಾರು ಬರೆದು ಬರೆದು ಮೇಲಿನವರಿಗೆ ಕಳಿಸುತ್ತಿದ್ದೆ. ಕಾಟ ತಾಳಲಾರದೆ ಹತ್ತನೇ ವರ್ಷಕ್ಕೆ ನನ್ನನ್ನೇ ಮೇಲಿನ ಮಹಡಿಗೆ ಹಾಕಿದರು. ನೀನೇ ಬರೆದುಕೋ ತಾಯಿ ಎಂದು. ಅಂದಿನಿಂದ ನನ್ನ ಹೆಸರು ಪ್ರಶ್ನಮ್ಮ. ನನ್ನ ಎದುರಿಗೆ ಮೇಡಂ, ಕ್ಯಾಂಟೀನಿನಲ್ಲಿ ಪ್ರಶ್ನಮ್ಮ. ನನಗೆ ಗೊತ್ತಿಲ್ಲ ಅಂದುಕೊಂಡಿದ್ದಿರಾ?

ನಾನು ಬಂದ ಮೇಲೆ ಒಂದು ನಿಯಮ ಮಾಡಿದೆ. ಹೊಸ ಪ್ರಶ್ನೆ ಬರೆದವರು ಮೊದಲು ಅದನ್ನು ಸ್ವಂತ ಮನೆಯಲ್ಲಿ ಕೇಳಬೇಕು. ಯಾರ ಉತ್ತರ ನಮಗೆ ಮೊದಲೇ ಗೊತ್ತಿದೆಯೋ ಅಂಥವರನ್ನೇ ಕೇಳಬೇಕು. ಗೊತ್ತಿದ್ದ ಉತ್ತರ ಬರದಿದ್ದರೆ ಪ್ರಶ್ನೆಯಲ್ಲಿ ಏನೋ ಐಬಿದೆ ಎಂದು ತಿಳಿಯಬೇಕು. ಈ ನಿಯಮದ ಪ್ರಕಾರವೇ ಹದಿನೈದು ವರ್ಷದ ಹಿಂದೆ ನಾನು ನನ್ನ ಅತ್ತೆಯ ಮುಂದೆ ಕಾಗದ ಹಿಡಿದು ಕೂತೆ.

ನನ್ನ ಅತ್ತೆ ಎಂದರೆ ಗಂಡನ ತಾಯಿ. ಅವರ ಬಗ್ಗೆ ಹೇಳಬೇಕು. ಮಾತು ಕಡಿಮೆ, ಹಟ ಜಾಸ್ತಿ. ನಾನು ಬೆಳಿಗ್ಗೆ ಎಂಟಕ್ಕೆ ಮನೆ ಬಿಟ್ಟರೆ ಮಗಳನ್ನು ನೋಡಿಕೊಂಡವರು ಅವರೇ. ಅವರಿಲ್ಲದಿದ್ದರೆ ಇವತ್ತು ಈ ಹಾರವೂ ಇಲ್ಲ, ಈ ಸಭೆಯೂ ಇಲ್ಲ. ನಮ್ಮದು ಕೆಳಗೆರಡು ಕೋಣೆ, ಮೇಲೆರಡು ಕೋಣೆಯ ಮನೆ. ಅವರು ಕೆಳಗೆ, ನಾವು ಮೇಲೆ.

"ಅತ್ತೆ, ಮೆಟ್ಟಿಲು ಹತ್ತೋಕೆ ಕಷ್ಟ ಆಗುತ್ತಾ?" ಎಂದು ಕೇಳಿದೆ.

"ಇಲ್ಲ ಕಣೆ. ನಂಗೇನು ಕಷ್ಟ?" ಅಂದರು.

ನನಗೆ ಗೊತ್ತಿದ್ದ ಉತ್ತರವೂ ಅದೇ. ಅವರು ಒಂದು ದಿನವೂ ಕಾಲು ನೋವು ಎಂದವರಲ್ಲ. ಪ್ರಶ್ನೆ ಚೆನ್ನಾಗಿದೆ ಎಂದು ಟಿಕ್ ಹಾಕಿ, ಕಾಗದ ಮಡಚಿ ಚೀಲಕ್ಕೆ ಹಾಕಿಕೊಂಡೆ.

ಅದೇ ವಾರ ನಮ್ಮ ಮನೆಗೆ ಎಲೆಕ್ಟ್ರಿಷಿಯನ್ ಬಂದ. ನಾನು ಅಡುಗೆಮನೆಯಲ್ಲಿದ್ದೆ. ಅತ್ತೆ ಅವನಿಗೆ, "ಮೇಲೆ ಹೋಗಪ್ಪ, ಹಸಿರು ರೂಮಲ್ಲಿ ಸ್ವಿಚ್ಚು ಕೆಟ್ಟಿದೆ" ಅಂದರು. ಅವನು ಹೋದ, ಸ್ವಲ್ಪ ಹೊತ್ತಿಗೆ ಇಳಿದು ಬಂದ. "ಅಜ್ಜಿ, ಮೇಲೆ ಹಸಿರು ರೂಮೇ ಇಲ್ವಲ್ಲ. ಒಂದು ಬಿಳಿ, ಒಂದು ಹಳದಿ" ಅಂದ.

ಸಭಿಕರೇ, ಆ ಕೋಣೆ ಹಸಿರಾಗಿದ್ದು ನಿಜ. ಮಗಳಿಗೆ ಮೂರು ತುಂಬಿದಾಗ ಅದಕ್ಕೆ ಹಳದಿ ಬಣ್ಣ ಹೊಡೆಸಿದ್ದೆವು. ಆಗ ಮಗಳಿಗೆ ಒಂಬತ್ತು ವರ್ಷ. ಆರು ವರ್ಷದಿಂದ ಹಳದಿಯಾಗಿದ್ದ ಕೋಣೆಯನ್ನು ನಮ್ಮ ಅತ್ತೆ ನೋಡಿಯೇ ಇರಲಿಲ್ಲ. ನಾನು ಸೌಟು ಹಿಡಿದುಕೊಂಡೇ ಹೊರಗೆ ಬಂದೆ.

"ಅತ್ತೆ, ನೀವು ಕೊನೇ ಸಲ ಮೇಲೆ ಹೋಗಿದ್ದು ಯಾವಾಗ?"

ಅವರು ಎಲೆಕ್ಟ್ರಿಷಿಯನ್ ಕಡೆ ನೋಡಿದರು, ನನ್ನ ಕಡೆ ನೋಡಲಿಲ್ಲ. "ನಿನ್ನ ಮಗಳಿಗೆ ಹಲ್ಲು ಬರೋಕೆ ಮುಂಚೆ" ಅಂದರು.

"ಮತ್ತೆ ಮೊನ್ನೆ ಕಷ್ಟ ಇಲ್ಲ ಅಂದ್ರಲ್ಲ!"

"ಹತ್ತಿದ್ರೆ ತಾನೇ ಕಷ್ಟ? ಹತ್ತೋದೇ ಇಲ್ಲ, ಇನ್ನು ಕಷ್ಟ ಎಲ್ಲಿಂದ ಬರುತ್ತೆ?"

ಅವರು ಸುಳ್ಳು ಹೇಳಿರಲಿಲ್ಲ ನೋಡಿ. ನಾನು ಕೇಳಿದ್ದಕ್ಕೆ ಸರಿಯಾದ ಉತ್ತರವನ್ನೇ ಕೊಟ್ಟಿದ್ದರು. ಆಮೇಲೆ ಒಂದೊಂದೇ ನೆನಪಾಗತೊಡಗಿತು. ಮೊದಲು ಮಾಳಿಗೆಯ ಮೇಲೆ ಬಟ್ಟೆ ಒಣಗಿಸುತ್ತಿದ್ದವರು, "ಮೇಲೆ ಗಾಳಿ ಜಾಸ್ತಿ, ಬಟ್ಟೆ ಹಾರಿಹೋಗ್ತವೆ" ಎಂದು ಹಿತ್ತಲಲ್ಲಿ ಹಗ್ಗ ಕಟ್ಟಿಸಿಕೊಂಡಿದ್ದರು. ಮಗಳಿಗೆ ಕತೆ ಹೇಳಲು, "ಕೆಳಗೆ ಬಾರೇ, ಇಲ್ಲಿ ತಂಪಾಗಿದೆ" ಎಂದು ಕರೆಯುತ್ತಿದ್ದರು. ನಾವೆಲ್ಲ ಅಜ್ಜಿಗೆ ಕೆಳಗಿನ ಕೋಣೆಯೇ ಇಷ್ಟ ಎಂದುಕೊಂಡಿದ್ದೆವು. ಊರವರ ಮಂಡಿನೋವನ್ನೆಲ್ಲ ಬರೆದುಕೊಂಡು ತಿರುಗಿದವಳು ನಾನು, ನನ್ನ ಮನೆಯ ಮಂಡಿನೋವು ಒಂಬತ್ತು ವರ್ಷ ನನಗೆ ಕಾಣಿಸಲಿಲ್ಲ. ಆ ಸಂಜೆ ಅವರ ಮೇಲೆ ಕೂಗಾಡಿದೆ. ಯಾಕೆ ಹೇಳಲಿಲ್ಲ ಎಂದು ಕೇಳಿದೆ.

"ಹೇಳಿದ್ರೆ ಏನ್ಮಾಡ್ತಿದ್ದೆ? ಡಾಕ್ಟ್ರು, ಊರುಗೋಲು, ಪಾಪ ಅಜ್ಜಿ, ಪಾಪ ಅಜ್ಜಿ. ನಂಗದು ಬೇಡವಾಗಿತ್ತು" ಅಂದರು.

ಮುಂದಿನ ಭಾನುವಾರ ನನ್ನ ಗಂಡ ಮತ್ತು ಪಕ್ಕದ ಮನೆಯವರು ಅವರನ್ನು ಕುರ್ಚಿಯಲ್ಲಿ ಕೂರಿಸಿ ಎತ್ತಿಕೊಂಡು ಮೇಲೆ ಹೋದರು. ಹಳದಿ ಕೋಣೆಯನ್ನು ಸುತ್ತಲೂ ನೋಡಿ, "ಈ ಬಣ್ಣ ಯಾರು ಆರ್ಸಿದ್ದು? ಕಣ್ಣಿಗೆ ಹೊಡೆಯುತ್ತೆ" ಅಂದರು. ಆರಿಸಿದವಳು ನಾನು. ಮಗಳು ನಗುತ್ತಿದ್ದಳು, ನಾನು ಕಿಟಕಿಯ ಕಡೆ ತಿರುಗಿ ಕಣ್ಣೊರೆಸಿಕೊಂಡೆ.

ಎರಡನೇ ಪ್ರಶ್ನೆ ಹುಟ್ಟಿದ್ದು ಹೀಗೆ. ಮೆಟ್ಟಿಲು ಹತ್ತಲು ಕಷ್ಟವೇ, ಕೇಳಿಸಿಕೊಳ್ಳಲು ಕಷ್ಟವೇ, ಓದಲು ಕಷ್ಟವೇ ಎಂದು ಕೇಳಿದಾಗ ಯಾರು 'ಇಲ್ಲ' ಅನ್ನುತ್ತಾರೋ ಅವರಿಗೆ ಇನ್ನೊಂದು ಪ್ರಶ್ನೆ ಕೇಳುವುದು. ಕೊನೆಯ ಸಲ ಮಾಡಿದ್ದು ಯಾವಾಗ? ಇಷ್ಟೇ. ಮೊದಲ ಪರೀಕ್ಷೆಯಲ್ಲಿ 'ಕಷ್ಟ ಇಲ್ಲ' ಎಂದ ನಾನೂರು ಜನರನ್ನು ಕೇಳಿದೆವು. ಅವರಲ್ಲಿ ಅರವತ್ತೊಂದು ಜನ ವರ್ಷದ ಮೇಲಾಗಿ ಒಂದು ಮೆಟ್ಟಿಲೂ ಹತ್ತಿರಲಿಲ್ಲ. ಕಿವಿ ಚೆನ್ನಾಗಿದೆ ಎಂದ ಕಾವಲುಗಾರರೊಬ್ಬರು ಫೋನಿನಲ್ಲಿ ಮಾತಾಡಿ ನಾಲ್ಕು ವರ್ಷವಾಗಿತ್ತು. ನಾಲ್ಕು ವರ್ಷದಿಂದ ಅವರ ಫೋನನ್ನು ಹೆಂಡತಿಯೇ ಎತ್ತುತ್ತಿದ್ದರು. ಆ ಅಂಕಿಗಳನ್ನು ತೋರಿಸಿದ ಮೇಲೆಯೇ ಎಷ್ಟೋ ಚಿಕಿತ್ಸಾಲಯಗಳು ಮೊದಲ ಮಹಡಿಯಲ್ಲಿದ್ದ ವೈದ್ಯರ ಕೋಣೆಯನ್ನು ಕೆಳಗಿಳಿಸಿದವು. ಮಹಡಿಯ ಮೇಲೆ ಕೂತಿದ್ದ ವೈದ್ಯರಿಗೆ ಮಂಡಿನೋವಿನವರು ಯಾರೂ ಸಿಕ್ಕೇ ಇರಲಿಲ್ಲ. ಸಿಗುವುದಾದರೂ ಹೇಗೆ?

ಈಗ ಸಹಿಯ ವಿಷಯಕ್ಕೆ ಬರುತ್ತೇನೆ.

ನಿರ್ದೇಶಕರನ್ನು ಯಾರೂ ತಪ್ಪು ತಿಳಿಯಬಾರದು. ಪ್ರಶ್ನೆಗಳು ಅರವತ್ತೆರಡಾಗಿದ್ದವು. ಸಮೀಕ್ಷಕರು ಸುಸ್ತಾಗುತ್ತಿದ್ದರು, ಉತ್ತರ ಕೊಡುವವರು ಆಕಳಿಸುತ್ತಿದ್ದರು. ನಲವತ್ತಕ್ಕೆ ಇಳಿಸಿ ಎಂದು ಮೇಲಿನಿಂದ ಆದೇಶ ಬಂದಿತ್ತು. ಎರಡನೇ ಪ್ರಶ್ನೆಗೆ ಪ್ರತಿ ಸಲ ಒಂಬತ್ತು ಸೆಕೆಂಡು ಹಿಡಿಯುತ್ತದೆ ಎಂದು ಸಮಿತಿ ಲೆಕ್ಕ ಹಾಕಿ ಅದನ್ನು ತೆಗೆಯಿತು. ಆಮೇಲೆ ಮೂರು ವಾರದ ಹಿಂದೆ ನಿರ್ದೇಶಕರೇ ಕಡತ ಹಿಡಿದು ನನ್ನ ಮೇಜಿನ ಹತ್ತಿರ ಬಂದರು. "ಕೆಲವು ಪ್ರಶ್ನೆ ಕಡಿಮೆ ಮಾಡಿದೀವಿ ಮೇಡಂ. ನೀವು ಬೇಡ ಅಂದ್ರೆ ಯಾವುದನ್ನೂ ತೆಗೆಯಲ್ಲ. ನಿಧಾನಕ್ಕೆ ಓದಿ, ಒಂದು ಗಂಟೆ ಬಿಟ್ಟು ಬರ್ತೀನಿ" ಅಂದರು. ಇದಕ್ಕಿಂತ ಹೆಚ್ಚಿನ ಮರ್ಯಾದೆಯನ್ನು ಯಾವ ಅಧಿಕಾರಿ ಕೊಡುತ್ತಾರೆ?

ಒಂದು ಗಂಟೆ ನಾನು ಆ ಕಡತದ ಮುಂದೆ ಕೂತಿದ್ದೆ. ಓದುವವರು ಎಷ್ಟು ಹೊತ್ತಿಗೊಂದು ಪುಟ ತಿರುಗಿಸುತ್ತಾರೋ ಅಷ್ಟು ಹೊತ್ತಿಗೊಂದು ಪುಟ ತಿರುಗಿಸಿದೆ. ಸಹಿ ಹಾಕುವ ಜಾಗದಲ್ಲಿ ಗುಮಾಸ್ತರು ದಪ್ಪ ಕೆಂಪು ಪೆನ್ಸಿಲ್ಲಿನಿಂದ ಗುರುತು ಹಾಕಿರುತ್ತಾರೆ. ಆ ಕೆಂಪು ಮಾತ್ರ ಓರೆಗಣ್ಣಿಗೆ ಕಾಣುತ್ತಿತ್ತು. ಅಲ್ಲೆಲ್ಲ ಸಹಿ ಹಾಕಿದೆ. ಅವರು ಬಂದು, "ನೋಡಿದ್ರಾ ಮೇಡಂ?" ಅಂದರು. "ನೋಡಿದೆ, ಸರಿಯಾಗಿದೆ" ಅಂದೆ.

ನಾನು ಒಂದು ಅಕ್ಷರವನ್ನೂ ಓದಿರಲಿಲ್ಲ. ನನಗೆ ಓದಲು ಬರುವುದಿಲ್ಲ, ಅಂದರೆ ಆಗುವುದಿಲ್ಲ. ನಾನು ಯಾವುದನ್ನು ನೇರವಾಗಿ ನೋಡುತ್ತೇನೋ ಅದರ ಮೇಲೆಯೇ ಒಂದು ಮಬ್ಬು ಬಂದು ಕೂರುತ್ತದೆ. ಸುತ್ತಲಿನದೆಲ್ಲ ಕಾಣುತ್ತದೆ, ನೋಡಬೇಕಾದ್ದು ಕಾಣುವುದಿಲ್ಲ. ಈಗಲೂ ನಿಮ್ಮ ಸೀರೆಗಳ ಬಣ್ಣ ಕಾಣುತ್ತಿದೆ, ಮುಖಗಳು ಕಾಣುತ್ತಿಲ್ಲ. ಹೋದ ವರ್ಷವೇ ಶುರುವಾಗಿತ್ತು. ನಿವೃತ್ತಿಗೆ ಒಂದು ವರ್ಷ ಇದೆ, ಹೇಗೋ ದಾಟಿಬಿಡೋಣ ಎಂದುಕೊಂಡೆ.

ಹೇಗೆ ದಾಟಿದೆ ಎಂದು ಕೇಳಿ. ಟೈಪಿಸ್ಟಮ್ಮನಿಗೆ, "ನೀನೇ ಗಟ್ಟಿಯಾಗಿ ಓದಮ್ಮ. ಪ್ರಶ್ನೆಯನ್ನ ಕಿವಿಯಲ್ಲಿ ಕೇಳಿದ್ರೇನೇ ಸರಿ ತಪ್ಪು ಗೊತ್ತಾಗೋದು" ಅನ್ನುತ್ತಿದ್ದೆ. ಹೊಸದಾಗಿ ಸೇರಿದ ಹುಡುಗಿಯರು ಅದನ್ನು ನೋಟ್‌ಬುಕ್ಕಿನಲ್ಲಿ ಬರೆದುಕೊಂಡರು. ಈಗ ತರಬೇತಿಯ ಕೈಪಿಡಿಯಲ್ಲೂ ಇದೆಯಂತೆ, ನನ್ನ ಹೆಸರಿನಲ್ಲಿ, ಐದನೇ ಪುಟದಲ್ಲಿ! ಇರಲಿ, ತೆಗೆಯಬೇಡಿ, ಮಾತು ಸುಳ್ಳಲ್ಲ. ಸಭೆಗಳಲ್ಲಿ ಹಳೆಯ ನಮೂನೆಯನ್ನು ಬಾಯಿಪಾಠ ಹೇಳುತ್ತಿದ್ದೆ, ಏನು ನೆನಪಿನ ಶಕ್ತಿ ಮೇಡಂ ನಿಮ್ಮದು ಎಂದು ನೀವೆಲ್ಲ ಹೊಗಳುತ್ತಿದ್ದಿರಿ. ಆ ಹೊಗಳಿಕೆಯನ್ನು ನಾಚಿಕೆಯಿಲ್ಲದೆ ಇಟ್ಟುಕೊಂಡೆ. ಕಡತ ಬಂದ ದಿನ ಟೈಪಿಸ್ಟಮ್ಮ ರಜೆಯಲ್ಲಿದ್ದರು. ಇನ್ನು ಯಾರನ್ನಾದರೂ ಕರೆದು, ಸ್ವಲ್ಪ ಓದಿ ಹೇಳಿ, ನನಗೆ ಕಾಣುವುದಿಲ್ಲ ಎಂದಿದ್ದರೆ ಮುಗಿದುಹೋಗುತ್ತಿತ್ತು. ಅಷ್ಟು ಮಾತು ನನ್ನ ಬಾಯಿಂದ ಹೊರಡಲಿಲ್ಲ.

ಏನನ್ನು ತೆಗೆದಿದ್ದಾರೆ ಎಂದು ನನಗೆ ತಿಳಿದದ್ದು ಒಂದು ವಾರದ ನಂತರ. ತರಬೇತಿ ವಿಭಾಗದ ಹುಡುಗಿಯೊಬ್ಬಳಿದ್ದಾಳೆ. ಪ್ರತಿಯೊಂದಕ್ಕೂ ಯಾಕೆ ಎನ್ನುತ್ತಾಳೆಂದು ನಾನವಳಿಗೆ ತಕರಾರು ಎಂದೇ ಹೆಸರಿಟ್ಟಿದ್ದೇನೆ. ಅವಳು ಕರಡು ಪ್ರತಿಯನ್ನು ನನ್ನ ಮೇಜಿನ ಮೇಲಿಟ್ಟು, "ಏನ್ ಮೇಡಂ ಇದು? ಅಷ್ಟು ವರ್ಷ ನಮ್ಮ ತಲೆ ತಿಂದು ಹೇಳಿಕೊಟ್ಟ ಎರಡನೇ ಪ್ರಶ್ನೆನ ನೀವೇ ಕಿತ್ತು ಹಾಕಿದ್ರಾ?" ಅಂದಳು. ಆಗಲಾದರೂ ಹೇಳಬೇಕಿತ್ತು. "ಸಮಯ ಉಳಿಸಬೇಕಲ್ಲಮ್ಮ" ಅಂದೆ.

"ನಿಮ್ಮ ಬಾಯಲ್ಲಿ ಈ ಮಾತು ಕೇಳ್ತೀನಿ ಅಂದ್ಕೊಂಡಿರಲಿಲ್ಲ ಮೇಡಂ" ಎಂದು ಹೋದಳು. ಅಂದಿನಿಂದ ಅವಳು ನನ್ನೊಡನೆ ಮಾತಾಡಿಲ್ಲ. ನನಗೆ ಅವಳ ಮೇಲೆ ಕೋಪವಿಲ್ಲ. ನಾನಾಗಿದ್ದರೆ ಕಡತವನ್ನು ಎತ್ತಿ ಬಿಸಾಡಿರುತ್ತಿದ್ದೆ.

ಆ ಶನಿವಾರ ಮಗಳಿಗೆ ಹೇಳಿದೆ. ಅವಳು ಬೈದಳು, ಅತ್ತಳು, ಕಣ್ಣಿನ ಡಾಕ್ಟರ ಹತ್ತಿರ ಎಳೆದುಕೊಂಡು ಹೋದಳು. ಅವರು ದೀಪ ಬಿಟ್ಟು ಬಿಟ್ಟು ನೋಡಿ, "ವರ್ಷದ ಹಿಂದೆ ಬಂದಿದ್ರೆ ಬಲಗಣ್ಣು ಉಳಿಸಬಹುದಿತ್ತಲ್ಲ ಮೇಡಂ. ಯಾಕೆ ಬರಲಿಲ್ಲ?" ಅಂದರು. ಎಡಗಣ್ಣಿಗೆ ಚಿಕಿತ್ಸೆ ನಡೆಯುತ್ತಿದೆ. ಉಳಿದಷ್ಟು ಉಳಿಯುತ್ತದೆ.

ಯಾಕೆ ಹೋಗಲಿಲ್ಲ? ಈ ಕಚೇರಿಯಲ್ಲೇ ಸಿಬ್ಬಂದಿಗೆ ವರ್ಷಕ್ಕೊಂದು ಆರೋಗ್ಯ ನಮೂನೆ ಕೊಡುತ್ತಾರೆ. ಅದನ್ನು ಬರೆದವಳು ನಾನಲ್ಲ, ಅಷ್ಟು ಮಾತ್ರ ಸ್ಪಷ್ಟಪಡಿಸುತ್ತೇನೆ. ಅದರ ಮೂರನೇ ಪ್ರಶ್ನೆ, ಓದಲು ಕಷ್ಟವಾಗುತ್ತದೆಯೇ? ಟೈಪಿಸ್ಟಮ್ಮ ಓದಿ ಹೇಳಿದರು. "ಇಲ್ಲ ಅಂತ ಹಾಕಮ್ಮ" ಅಂದೆ. ಅವರು ಹಾಕಿದರು. ಮುಂದಿನ ಪ್ರಶ್ನೆಗೆ ಹೋದರು. ಕೊನೆಯ ಸಲ ಓದಿದ್ದು ಯಾವಾಗ ಎಂದು ಅಲ್ಲಿ ಕೇಳಿದ್ದರೆ ನಾನು ಏನು ಹೇಳುತ್ತಿದ್ದೆ? ಸುಳ್ಳು ಹೇಳುತ್ತಿದ್ದೆನೇ? ಹೇಳುತ್ತಿದ್ದೆನೇನೋ. ಆದರೆ ನನಗೆ ನಾನಂತೂ ಸಿಕ್ಕಿಬೀಳುತ್ತಿದ್ದೆ, ಆ ರಾತ್ರಿ ನಿದ್ದೆ ಬರುತ್ತಿರಲಿಲ್ಲ, ಬೆಳಿಗ್ಗೆ ಮಗಳಿಗೆ ಹೇಳಿರುತ್ತಿದ್ದೆ. ಅಷ್ಟಕ್ಕೆ ಒಂಬತ್ತು ಸೆಕೆಂಡು ಸಾಕಾಗಿತ್ತು.

ಹಾಗಾಗಿ ಅಧ್ಯಕ್ಷರೇ, ಎಲ್ಲರ ಎದುರಿಗೆ ಹೇಳುತ್ತಿದ್ದೇನೆ. ಆ ಸಹಿ ನನ್ನದು, ಒಪ್ಪಿಗೆ ನನ್ನದಲ್ಲ. ತಪ್ಪು ಸಮಿತಿಯದಲ್ಲ, ನಿಮ್ಮದೂ ಅಲ್ಲ, ನನ್ನದು. ಓದದೆ ಸಹಿ ಹಾಕಿದ್ದಕ್ಕೆ ಇಲಾಖೆ ಏನು ಕ್ರಮ ತೆಗೆದುಕೊಳ್ಳುತ್ತದೋ ತೆಗೆದುಕೊಳ್ಳಲಿ. ನನ್ನ ಬಗ್ಗೆ ಈ ನಾಲ್ವರು ಆಡಿದ ಒಳ್ಳೆಯ ಮಾತುಗಳಲ್ಲಿ ಎಷ್ಟನ್ನು ವಾಪಸು ಪಡೆಯಬೇಕೋ ಪಡೆಯಲಿ. ಸಹಿಯನ್ನು ಹಿಂತೆಗೆದುಕೊಳ್ಳುತ್ತೇನೆಂದು ಪತ್ರ ಬರೆಸಿ ತಂದಿದ್ದೇನೆ. ನಾನು ಹೇಳಿದೆ, ಟೈಪಿಸ್ಟಮ್ಮ ಟೈಪು ಮಾಡಿದರು, ಮೂರು ಸಲ ಓದಿಸಿ ಕೇಳಿದ ಮೇಲೆಯೇ ಸಹಿ ಹಾಕಿದ್ದೇನೆ. ಗೆರೆ ತಪ್ಪಿ ಆಚೆ ಹೋಗಿದ್ದರೆ ಮನ್ನಿಸಿ. ಇವತ್ತು ಐದು ಗಂಟೆಯವರೆಗೆ ನಾನು ಈ ಕಚೇರಿಯ ನೌಕರಳು. ಈಗಿನ್ನೂ ನಾಲ್ಕೂವರೆ ಆಗಿರಬೇಕು, ಪತ್ರವನ್ನು ದಯವಿಟ್ಟು ಈಗಲೇ ತೆಗೆದುಕೊಳ್ಳಿ. ಇಪ್ಪತ್ತೆರಡು ಪ್ರಶ್ನೆ ತೆಗೆಯಲೇಬೇಕೆಂದಿದ್ದರೆ ನಾನು ಬರೆದ ಬೇರೆ ಇಪ್ಪತ್ತೆರಡನ್ನು ತೆಗೆಯಿರಿ. ಯಾವ ಯಾವುದು ಎಂದು ಇಲ್ಲೇ ಬಾಯಲ್ಲಿ ಹೇಳಬಲ್ಲೆ. ಇದೊಂದನ್ನು ಉಳಿಸಿ.

ತೆಗೆದುಕೊಂಡಿರಿ. ಕಾಗದದ ಸದ್ದು ಕೇಳಿಸಿತು. ನನಗಷ್ಟು ಸಾಕು. ಉಳಿದದ್ದು ನಿಮಗೆ ಸೇರಿದ್ದು.

ಇನ್ನು ಕೃತಜ್ಞತೆ. ಬಾಗಿಲು ತೆರೆದು, ನೀರು ಕೊಟ್ಟು, ನನ್ನ ಕೆಟ್ಟ ಪ್ರಶ್ನೆಗಳಿಗೂ ಉತ್ತರ ಕೊಟ್ಟ ಸಾವಿರಾರು ಮನೆಯವರಿಗೆ, ವರ್ಷವಿಡೀ ಓದಿ ಹೇಳಿದ, ಗೊತ್ತಿದ್ದೂ ಗೊತ್ತಿಲ್ಲದಂತೆ ಇದ್ದ ಟೈಪಿಸ್ಟಮ್ಮನಿಗೆ, ನನ್ನ ಗಂಡನಿಗೆ, ಮಗಳಿಗೆ, ಇಷ್ಟು ಹೊತ್ತು ಬಾಗಿಲ ಕಡೆ ಒಬ್ಬರೂ ಎದ್ದು ಹೋಗದೆ ಕೂತ ನಿಮ್ಮೆಲ್ಲರಿಗೆ ನಾನು ಋಣಿ.

ಈ ವೇದಿಕೆಗೆ ಮೂರು ಮೆಟ್ಟಿಲು. ಬರುವಾಗ ಯಾರಿಗೂ ಗೊತ್ತಾಗದ ಹಾಗೆ ಕಾಲಲ್ಲಿ ತಡವಿ ತಡವಿ ಹತ್ತಿ ಬಂದೆ. ಇಳಿಯಲು ನನಗೆ ಕಷ್ಟವಾಗುತ್ತದೆ. ಯಾರಾದರೂ ಬಂದು ಕೈ ಹಿಡಿದುಕೊಳ್ಳಿ. ತಕರಾರು, ಎಲ್ಲಿ ಕೂತಿದ್ದೀಯೋ ನನಗೆ ಕಾಣುತ್ತಿಲ್ಲ, ನೀನೇ ಬಾರಮ್ಮ.

ಎಲ್ಲರಿಗೂ ನಮಸ್ಕಾರ.